ಹಿತ್ತಲಿಲ್ಲದವರಿಗೆ ಬೇಸಿಗೆ ಕಾಯಿಪಲ್ಲೆ: ಕಲಬುರಗಿ ಮಾಳಿಗೆಯಲ್ಲಿ ಬೀಜ ಬಿತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ನಮ್ಮ ಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಅಂಥ ಬಿಸಿಲಿನಲ್ಲಿ, ಅದೂ ಫರಸಿ ಕಲ್ಲು ಹಾಸಿದ ಮಾಳಿಗೆಯ ಮೇಲೆ, ಬಕೆಟ್‌ನಲ್ಲಿ ಬೆಂಡೆ ಬೆಳೆಯುತ್ತೇವೆ ಎಂದರೆ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬೆಂಗಳೂರು, ಪುಣೆಯ ಹವೆಗೆ ಹೇಳಿದವು. ಅವನ್ನು ಹಾಗೆಯೇ ಇಲ್ಲಿ ಮಾಡಿದರೆ ಸಸಿ ಸುಟ್ಟುಹೋಗುತ್ತದೆ. ಕಲಬುರಗಿಯ ಮನೆಗಳಲ್ಲಿ ಜನ ನಿಜವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿಯ ಮಣ್ಣು, ಇಲ್ಲಿಯ ನೀರು, ಇಲ್ಲಿಯ ಬಿಸಿಲನ್ನು ಮುಂದಿಟ್ಟುಕೊಂಡು ಉತ್ತರ ಕೊಟ್ಟಿದ್ದೇನೆ. ಬೀದರ್, ಯಾದಗಿರಿಯವರಿಗೆ ಬೇಕಾದ ವ್ಯತ್ಯಾಸವನ್ನೂ ಒಂದು ಕಡೆ ಹೇಳಿದ್ದೇನೆ.

42 ಡಿಗ್ರಿ ಬಿಸಿಲಿನಲ್ಲಿ ಮಾಳಿಗೆ ಮೇಲೆ ತರಕಾರಿ ನಿಜವಾಗಿಯೂ ಬರುತ್ತದೆಯೇ?

ಬರುತ್ತದೆ. ಆದರೆ ಎಲ್ಲ ತರಕಾರಿಯೂ ಬರುವುದಿಲ್ಲ, ಯಾವಾಗ ಬಿತ್ತಿದರೂ ಬರುವುದಿಲ್ಲ. ಬೆಂಡೆ, ಚವಳಿಕಾಯಿ, ಅಲಸಂದಿ, ಪುಂಡಿ, ರಾಜಗಿರಿ ಇವೆಲ್ಲ ಬಿಸಿಲಿನ ಬೆಳೆಗಳೇ. ಅವುಗಳ ಎಲೆ ಬಿಸಿಲನ್ನು ತಾಳುತ್ತದೆ, ಬೇರು ಮಾತ್ರ ಬಿಸಿಯನ್ನು ತಾಳುವುದಿಲ್ಲ. ಹೊಲದಲ್ಲಿ ಒಂದು ಗೇಣು ಕೆಳಗಿನ ಮಣ್ಣು ಮಧ್ಯಾಹ್ನವೂ ತಂಪಾಗಿರುತ್ತದೆ. ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಬಿಸಿಲು ನಾಲ್ಕೂ ಕಡೆಯಿಂದ ಬೀಳುತ್ತದೆ, ಕೆಳಗಿನಿಂದ ಕಲ್ಲು ಕಾಯಿಸುತ್ತದೆ. ಬೇಸಿಗೆಯಲ್ಲಿ ಕುಂಡದ ಗಿಡ ಸತ್ತರೆ ನೀರು ಸಾಲದೆ ಸತ್ತಿತು ಎಂದುಕೊಳ್ಳುತ್ತೇವೆ. ಬಹಳ ಸಲ ಅದು ಬೇರು ಬೆಂದು ಸತ್ತಿರುತ್ತದೆ. ಬೇರನ್ನು ತಂಪಾಗಿಡುವುದೇ ನಮ್ಮ ಊರಿನ ಮಾಳಿಗೆ ಕೃಷಿಯ ಮುಖ್ಯ ಕೆಲಸ.

ಬೀಜ ಯಾವಾಗ ಹಾಕಬೇಕು?

ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿಯೊಳಗೆ. ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲಿಯೇ. ಮಕ್ಕಳ ಪರೀಕ್ಷೆ ಮುಗಿಯಲಿ, ರಜೆಯಲ್ಲಿ ಶುರು ಮಾಡೋಣ ಎಂದು ಏಪ್ರಿಲ್‌ನಲ್ಲಿ ಬೀಜದ ಪೊಟ್ಟಣ ತರುತ್ತಾರೆ. ಅಷ್ಟು ಹೊತ್ತಿಗೆ ಎರಡೆಲೆಯ ಎಳೆಸಸಿ ನೇರವಾಗಿ ಬೆಂಕಿಗೆ ಬಿದ್ದಂತೆ. ಜನವರಿ ಕೊನೆಯಲ್ಲಿ ಬಿತ್ತಿದ ಬೆಂಡೆಯ ಬೇರು ಏಪ್ರಿಲ್ ಹೊತ್ತಿಗೆ ಬಕೆಟ್‌ನ ತಳ ಮುಟ್ಟಿರುತ್ತದೆ, ಅದರ ಎಲೆಗಳೇ ಮಣ್ಣಿಗೆ ನೆರಳು ಕೊಡುತ್ತಿರುತ್ತವೆ.

ಬಳ್ಳಿಗಳಾದ ಸೌತೆ, ಹೀರೆ, ಸೋರೆ, ಹಾಗಲ ಇವಕ್ಕೆ ಜನವರಿ ಕೊನೆಯ ವಾರದಿಂದ ಫೆಬ್ರುವರಿ ಮಧ್ಯದವರೆಗೆ ಸರಿಯಾದ ಹೊತ್ತು. ಬೆಂಡೆ, ಚವಳಿ, ಅಲಸಂದಿಯನ್ನು ಫೆಬ್ರುವರಿ ಕೊನೆಯವರೆಗೂ ಹಾಕಬಹುದು. ಶರಣಬಸವೇಶ್ವರ ಜಾತ್ರೆಯ ತೇರು ಎಳೆಯುವ ಹೊತ್ತಿಗೆ ಬೆಂಡೆ ಮೊಣಕಾಲೆತ್ತರ ಇದ್ದರೆ ನೀವು ಸರಿಯಾದ ಸಮಯಕ್ಕೆ ಬಿತ್ತಿದ್ದೀರಿ ಎಂದೇ ಲೆಕ್ಕ. ರಾಜಗಿರಿ, ಪುಂಡಿಯಂಥ ತಪ್ಪಲು ಪಲ್ಲೆಗೆ ಈ ಗಡುವಿಲ್ಲ. ಅವನ್ನು ನೆರಳಿನ ಆಸರೆಯಲ್ಲಿ ಮೇ ತಿಂಗಳಲ್ಲೂ ಬಿತ್ತಬಹುದು.

ತಡವಾಯಿತು, ಈಗ ಏಪ್ರಿಲ್. ಏನು ಮಾಡಲಿ?

ರಾಜಗಿರಿ ಮತ್ತು ಪುಂಡಿ ಹಾಕಿ. ಕಾಯಿ ಬಿಡುವ ಬೆಳೆಯೇ ಬೇಕೆಂದರೆ ಚವಳಿಯೊಂದನ್ನು ನೆರಳು ಪರದೆಯ ಕೆಳಗೆ ಪ್ರಯತ್ನಿಸಿ. ಉಳಿದವಕ್ಕೆ ಮೃಗಶಿರಾ ಮಳೆಯವರೆಗೆ ಕಾಯುವುದೇ ಒಳ್ಳೆಯದು.

ಮೊದಲ ಸಲ ಬೆಳೆಯುವವರು ಯಾವುದರಿಂದ ಶುರು ಮಾಡಬೇಕು?

ಚವಳಿಕಾಯಿಯಿಂದ. ದಕ್ಷಿಣದವರು ಇದನ್ನು ಗೋರಿಕಾಯಿ ಎನ್ನುತ್ತಾರೆ. ಬರ ತಡೆಯುವ ಬೆಳೆ, ದ್ವಿದಳವಾದ್ದರಿಂದ ಸಾರಜನಕವನ್ನು ತಾನೇ ಗಾಳಿಯಿಂದ ಹಿಡಿದುಕೊಳ್ಳುತ್ತದೆ, ಗೊಬ್ಬರ ಹೆಚ್ಚು ಬೇಡುವುದಿಲ್ಲ. ಇದರ ಹೂವು ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಮೂರನೇ ಮಹಡಿಯ ಮಾಳಿಗೆಗೆ ಜೇನುನೊಣ ಬರುವುದು ಕಡಿಮೆ, ಹಾಗಾಗಿ ಇದು ದೊಡ್ಡ ಅನುಕೂಲ. ಪೂಸಾ ನವಬಹಾರ್ ಎಂಬ ತಳಿ ಕವಲೊಡೆಯದೆ ನೇರವಾಗಿ ಬೆಳೆಯುತ್ತದೆ, ಇಕ್ಕಟ್ಟಿನ ಜಾಗಕ್ಕೆ ಒಗ್ಗುತ್ತದೆ. 15 ಲೀಟರ್‌ನ ಎಣ್ಣೆ ಡಬ್ಬಿಯಲ್ಲಿ ಎರಡು ಗಿಡ ಆರಾಮವಾಗಿ ಬರುತ್ತವೆ, ಬಿತ್ತಿದ ಸುಮಾರು 50 ದಿನಕ್ಕೆ ಕಾಯಿ ಸಿಗುತ್ತದೆ.

ಎರಡನೆಯದು ಬೆಂಡೆ. ಇದೂ ಬಹುಪಾಲು ಸ್ವಪರಾಗಸ್ಪರ್ಶದ ಬೆಳೆ. 45ರಿಂದ 50 ದಿನಕ್ಕೆ ಮೊದಲ ಕಾಯಿ. ಒಂದು ಮಾತು ನೆನಪಿಡಿ: ನಾಲ್ಕು ಜನರ ಮನೆಗೆ ಒಂದು ಹೊತ್ತಿನ ಪಲ್ಯವಾಗುವಷ್ಟು ಬೆಂಡೆ ಒಟ್ಟಿಗೆ ಸಿಗಬೇಕಾದರೆ ಎರಡು ಗಿಡ ಸಾಲುವುದಿಲ್ಲ, ಎಂಟು ಹತ್ತು ಬೇಕು. ಕಾಯಿಯನ್ನು ದಿನ ಬಿಟ್ಟು ದಿನ ಕೀಳಬೇಕು. ಒಂದು ಕಾಯಿ ಬಲಿತು ನಾರಾದರೂ ಗಿಡ ಹೊಸ ಹೂವು ಬಿಡುವುದನ್ನು ಕಡಿಮೆ ಮಾಡುತ್ತದೆ.

ಮೂರನೆಯದು ಪುಂಡಿ. ಜೋಳದ ರೊಟ್ಟಿಯ ಜೊತೆ ಪುಂಡಿ ಪಲ್ಲೆ ತಿಂದು ಬೆಳೆದವರಿಗೆ ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತುದಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಒಂದು ತಿಂಗಳಲ್ಲಿ ಚಿವುಟಲು ಶುರು ಮಾಡಬಹುದು. ಅಂಗಡಿಯ ಪುಂಡಿ ಚೀಲದಲ್ಲಿ ಬಾಡಿ ಬಂದಿರುತ್ತದೆ. ಕಿತ್ತ ಹದಿನೈದು ನಿಮಿಷಕ್ಕೆ ಒಲೆ ಸೇರಿದ ಪುಂಡಿಯ ಹುಳಿಯೇ ಬೇರೆ.

ಬಳ್ಳಿಗಳಲ್ಲಿ ಹೀರೆ ನನ್ನ ಆಯ್ಕೆ. ಕಾಯಿ ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಸೋರೆ ಭಾರ, ಚಪ್ಪರ ಗಟ್ಟಿ ಇರಬೇಕು. ಸೌತೆ ನೀರಿಲ್ಲದೆ ಒಂದು ಮಧ್ಯಾಹ್ನವನ್ನೂ ಕ್ಷಮಿಸುವುದಿಲ್ಲ.

ಟೊಮೇಟೊ ಬಿಟ್ಟು ತರಕಾರಿ ಎಂದರೇನು? ಅದನ್ನೇಕೆ ಹೇಳಲಿಲ್ಲ?

ಹಗಲಿನ ತಾಪ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೇಟೊ ಹೂವಿನ ಪರಾಗ ಕೆಲಸ ಮಾಡುವುದಿಲ್ಲ. ಹೂವು ಬರುತ್ತದೆ, ಒಣಗಿ ಉದುರುತ್ತದೆ. ಇದಕ್ಕೆ ಯಾವ ಗೊಬ್ಬರವೂ ಯಾವ ಟಾನಿಕ್ಕೂ ಮದ್ದಲ್ಲ. ಟೊಮೇಟೊ ಬೇಕಾದವರು ಅಕ್ಟೋಬರ್, ನವೆಂಬರ್‌ನಲ್ಲಿ ಸಸಿ ಮಾಡಿ ಮಾರ್ಚ್‌ವರೆಗೆ ಹಣ್ಣು ಕಿತ್ತುಕೊಳ್ಳಬೇಕು. ಮೆಣಸಿನ ಗಿಡವೂ ಮೇ ತಿಂಗಳಲ್ಲಿ ಹೂವು ಉದುರಿಸುತ್ತದೆ. ಆದರೆ ನೆರಳಿನಲ್ಲಿ ಜೀವ ಹಿಡಿದುಕೊಂಡಿದ್ದು ಮೊದಲ ಮಳೆಗೆ ಮತ್ತೆ ಚಿಗುರುತ್ತದೆ, ಅದನ್ನು ಕಿತ್ತೆಸೆಯಬೇಡಿ. ಬದನೆ ಇವೆರಡಕ್ಕಿಂತ ಗಟ್ಟಿ.

ಕೊತ್ತಂಬರಿ ಬೇಸಿಗೆಯಲ್ಲಿ ಸರಿಯಾಗಿ ಮೊಳೆಯುವುದಿಲ್ಲ, ಮೊಳೆತರೂ ಬೇಗ ಹೂವಿಗೆ ಹೋಗುತ್ತದೆ. ಮೆಂತೆಯನ್ನು ಮನೆಯೊಳಗೆ ಬೆಳಕು ಬರುವ ಕಿಟಕಿಯ ಬಳಿ ಅಗಲವಾದ ತಟ್ಟೆಯಲ್ಲಿ ದಟ್ಟವಾಗಿ ಬಿತ್ತಿ, ಹತ್ತು ಹನ್ನೆರಡು ದಿನಕ್ಕೆ ಎಳೆಯದನ್ನೇ ಕತ್ತರಿಸಿಕೊಳ್ಳಬಹುದು.

ಜವಾರಿ ಬೀಜವೋ ಹೈಬ್ರಿಡ್ಡೋ?

ಮನೆ ಬಳಕೆಗೆ ಜವಾರಿ ಅಥವಾ ಸಂಶೋಧನಾ ಸಂಸ್ಥೆಗಳು ಬಿಡುಗಡೆ ಮಾಡಿದ ಸುಧಾರಿತ ತಳಿ. ಹೈಬ್ರಿಡ್ ಇಳುವರಿ ಹೆಚ್ಚು ಕೊಡಬಹುದು, ಆದರೆ ಅದರ ಕಾಯಿಯಿಂದ ತೆಗೆದ ಬೀಜ ಮುಂದಿನ ವರ್ಷ ಅದೇ ಗುಣದ ಗಿಡ ಕೊಡುವುದಿಲ್ಲ, ಪ್ರತಿ ವರ್ಷ ಕೊಳ್ಳಬೇಕು. ಬೆಂಡೆಗೆ ಮಾತ್ರ ಅರ್ಕಾ ಅನಾಮಿಕಾ ತಳಿಯನ್ನು ಹುಡುಕಿ ತನ್ನಿ. ಹಳದಿ ನರದ ನಂಜು ರೋಗವನ್ನು ತಡೆದುಕೊಳ್ಳಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ತಳಿ ಅದು. ರಾಜಗಿರಿ ಜಾತಿಯ ಸೊಪ್ಪಿನಲ್ಲಿ ಅರ್ಕಾ ಸುಗುಣಾ ಪದೇ ಪದೇ ಕೊಯ್ಯಲು ಬರುತ್ತದೆ. ಈ ಸಂಸ್ಥೆ ಬೀಜವನ್ನು ಆನ್‌ಲೈನ್‌ನಲ್ಲೂ ಮಾರುತ್ತದೆ. ಹತ್ತಿರದಲ್ಲಿ ಕೇಳಬೇಕೆಂದರೆ ಕಲಬುರಗಿ, ಬೀದರ್ ಮತ್ತು ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ.

ಜವಾರಿ ಬೀಜಕ್ಕೆ ಅಂಗಡಿಗಿಂತ ಹಳ್ಳಿಯ ನೆಂಟರ ಮನೆ ಮೇಲು. ಚವಳಿ, ಪುಂಡಿ, ಹೀರೆ ಬೀಜವನ್ನು ಈಗಲೂ ಗಂಟು ಕಟ್ಟಿ ಇಟ್ಟುಕೊಳ್ಳುವ ಮನೆಗಳಿವೆ. ಕಾಳಿಗೆ ಗುಲಾಬಿ ಅಥವಾ ನೀಲಿ ಬಣ್ಣ ಬಳಿದಿದ್ದರೆ ಅದು ಔಷಧ ಸವರಿದ ಬೀಜ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಎರಡು ವರ್ಷದ ಹಿಂದಿನ ಬೀಜ ಇದೆ. ಮೊಳೆಯುತ್ತದೆಯೇ?

ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯೊಳಗಿಟ್ಟು ಒಂದು ವಾರ ನೋಡಿ. ಏಳೆಂಟು ಮೊಳೆತರೆ ಒಳ್ಳೆಯ ಬೀಜ. ಐದಾದರೆ ಎರಡರಷ್ಟು ಬಿತ್ತಿ. ಮೂರಕ್ಕಿಂತ ಕಡಿಮೆ ಇದ್ದರೆ ಹೊಸದು ತನ್ನಿ. ಬೆಂಡೆ ಬೀಜ ನಮ್ಮ ಸೆಕೆಯಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಸೌತೆ ಜಾತಿಯ ಬೀಜಗಳು ಹೆಚ್ಚು ಕಾಲ ಬಾಳುತ್ತವೆ.

ಬೀಜ ನೆನೆಸಬೇಕೇ? ಎಷ್ಟು ಆಳಕ್ಕೆ ಹಾಕಬೇಕು?

ಬೆಂಡೆಯನ್ನು ಒಂದು ರಾತ್ರಿ ನೆನೆಸಿ. ಹಾಗಲ, ಸೋರೆಯ ಸಿಪ್ಪೆ ಗಟ್ಟಿ, ಅವಕ್ಕೆ ಒಂದು ಹಗಲು ಒಂದು ರಾತ್ರಿ ಬೇಕು. ಹಾಗಲ ಬೀಜದ ಚೂಪು ತುದಿಯನ್ನು ಉಗುರು ಕತ್ತರಿಯಿಂದ ತುಸು ಚಿವುಟಿದರೆ ಬೇಗ ಬಾಯಿಬಿಡುತ್ತದೆ. ಸೌತೆ, ಚವಳಿ, ಅಲಸಂದಿಗೆ ನಾಲ್ಕೈದು ಗಂಟೆ ಸಾಕು. ರಾಜಗಿರಿಯನ್ನು ನೆನೆಸುವುದೇ ಬೇಡ.

ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಎಂಬುದು ಎಲ್ಲಕ್ಕೂ ಅನ್ವಯಿಸುವ ಅಳತೆ. ಬೆಂಡೆಗೆ ಅರ್ಧ ಇಂಚಿಗಿಂತ ತುಸು ಹೆಚ್ಚು, ಸೋರೆಗೆ ಒಂದು ಇಂಚು. ರಾಜಗಿರಿ ಬೀಜ ಸಾಸಿವೆಗಿಂತ ಸಣ್ಣದು. ಅದನ್ನು ನುಣ್ಣನೆಯ ಮರಳಿನ ಜೊತೆ ಬೆರೆಸಿ ಮೇಲೆ ಎರಚಿ, ಬೆರಳಿನಿಂದ ಸವರಿ, ತೆಳುವಾಗಿ ಮಣ್ಣು ಉದುರಿಸಿದರೆ ಆಯಿತು. ಇರುವೆ ಈ ಬೀಜವನ್ನು ಹೊತ್ತುಕೊಂಡು ಹೋಗುವುದೇ ದೊಡ್ಡ ತೊಂದರೆ. ನಮ್ಮ ರೈತರು ಬೀಜದ ಜೊತೆ ಒಂದು ಹಿಡಿ ರವೆ ಬೆರೆಸಿ ಬಿತ್ತುತ್ತಾರೆ. ಇರುವೆ ರವೆ ಹೊರುವಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಈ ಬೀಜಕ್ಕೆ ಮೂರರಿಂದ ಐದು ದಿನವೇ ಸಾಕು.

ಬಳ್ಳಿಗಳನ್ನು ಸಸಿ ಮಾಡಿ ಕಿತ್ತು ನೆಡಬೇಡಿ. ಅವುಗಳ ಬೇರು ಕದಲಿಸಿದರೆ ಮುನಿಯುತ್ತದೆ. ಬೆಳೆಯುವ ಕುಂಡದಲ್ಲೇ ಎರಡು ಮೂರು ಬೀಜ ಹಾಕಿ, ಗಟ್ಟಿಯಾದ ಒಂದನ್ನು ಉಳಿಸಿಕೊಂಡು ಉಳಿದವನ್ನು ಬುಡದಲ್ಲಿ ಕತ್ತರಿಸಿ. ಮೆಣಸು, ಬದನೆ, ಟೊಮೇಟೊ ಮಾತ್ರ ಸಸಿ ಮಾಡಿ ನೆಡುವ ಬೆಳೆಗಳು.

ಹೊಲದ ಕರಿಮಣ್ಣನ್ನೇ ತುಂಬಬಹುದೇ?

ಕರಿಮಣ್ಣಿನಷ್ಟು ಫಲವತ್ತಾದ ಮಣ್ಣು ಇನ್ನೊಂದಿಲ್ಲ ಎಂಬ ಅಭಿಮಾನ ನಮಗೆಲ್ಲ ಇದೆ, ಅದು ಸುಳ್ಳೂ ಅಲ್ಲ. ಆದರೆ ಕುಂಡದಲ್ಲಿ ಅದೊಂದನ್ನೇ ತುಂಬಬಾರದು. ಕರಿಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದು ದಿನ ನೀರು ತಪ್ಪಿದ ಬಕೆಟನ್ನು ಹತ್ತಿರದಿಂದ ನೋಡಿ: ಮಣ್ಣು ಅಂಚಿನಿಂದ ಬಿಟ್ಟುಕೊಂಡು ಸುತ್ತಲೂ ಬೆರಳು ತೂರುವಷ್ಟು ಸಂದಿ ಬಿದ್ದಿರುತ್ತದೆ. ಈಗ ತಂಬಿಗೆ ನೀರು ಸುರಿದರೆ ಅದು ಆ ಸಂದಿಯಿಂದ ಇಳಿದು ತೂತಿನಿಂದ ಹೊರಗೆ ಬರುತ್ತದೆ. ನೀವು ನೀರು ಸಾಕಷ್ಟು ಹಾಕಿದೆ ಎಂದು ಒಳಗೆ ಹೋಗುತ್ತೀರಿ, ನಡುವಿನ ಹೆಂಟೆ ಒಣಗಿಯೇ ಇರುತ್ತದೆ, ಬೇರೂ ಹರಿದಿರುತ್ತದೆ.

ಕರಿಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಅದರ ಮೇಲೆ ಅರ್ಧ ಪಾಲು ದಪ್ಪ ಮರಳು. ಕೆಂಪು ಮಣ್ಣು ಸಿಕ್ಕರೆ ಮರಳು ಬಿಟ್ಟು ಅದನ್ನೇ ಒಂದು ಪಾಲು ಸೇರಿಸಿ. ಹಸಿ ಸಗಣಿ ಬೇಡ, ಅದು ಕಳಿಯುವಾಗ ಬಿಸಿ ಹುಟ್ಟಿಸುತ್ತದೆ.

ಒಲೆಯ ಬೂದಿ ಹಾಕಲೇ ಎಂದು ಬಹಳ ಜನ ಕೇಳುತ್ತಾರೆ. ಮಲೆನಾಡಿನ ಹುಳಿಮಣ್ಣಿಗೆ ಬೂದಿ ಒಳ್ಳೆಯದು. ನಮ್ಮ ಮಣ್ಣು ಮೊದಲೇ ಸುಣ್ಣದ ಅಂಶ ಹೆಚ್ಚಿರುವ ಕ್ಷಾರ ಮಣ್ಣು, ಬೂದಿ ಆ ಕ್ಷಾರವನ್ನು ಇನ್ನೂ ಏರಿಸುತ್ತದೆ. ಹಾಕಬೇಡಿ.

ಯಾವ ಪಾತ್ರೆ, ಎಷ್ಟು ದೊಡ್ಡದು?

ದೊಡ್ಡದಾದಷ್ಟೂ ಒಳ್ಳೆಯದು, ಏಕೆಂದರೆ ಹೆಚ್ಚು ಮಣ್ಣು ನಿಧಾನವಾಗಿ ಬಿಸಿಯಾಗುತ್ತದೆ. ಬೆಂಡೆಗೆ ಗಿಡಕ್ಕೊಂದು 15ರಿಂದ 20 ಲೀಟರ್ ಬಕೆಟ್. ಖಾಲಿಯಾದ ಪೇಂಟ್ ಬಕೆಟ್ ಚೆನ್ನಾಗಿ ತೊಳೆದರೆ ಸಾಕು. ಹೀರೆ, ಹಾಗಲಕ್ಕೆ 40 ಲೀಟರ್‌ಗೆ ಕಡಿಮೆ ಬೇಡ, ಸೋರೆಗೆ ಅರ್ಧ ಡ್ರಮ್. ಸೊಪ್ಪಿಗೆ ಅರ್ಧ ಅಡಿ ಆಳದ ಅಗಲ ಟ್ರೇ. ಗೊಬ್ಬರದ ಪ್ಲಾಸ್ಟಿಕ್ ಚೀಲಗಳು ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಪುಡಿಪುಡಿಯಾಗಿ ಆ ಚೂರೆಲ್ಲ ಮಣ್ಣು ಸೇರುತ್ತದೆ, ಆದ್ದರಿಂದ ನಾನು ಅವನ್ನು ಹೇಳುವುದಿಲ್ಲ. ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ಬಳಸಬಾರದು.

ತಳದಲ್ಲಿ ನಾಲ್ಕೈದು ತೂತು ಇರಲೇಬೇಕು.

ಮಾಳಿಗೆ ಭಾರ ತಡೆಯುತ್ತದೆಯೇ? ಸೋರುವುದಿಲ್ಲವೇ?

20 ಲೀಟರ್ ಬಕೆಟ್‌ಗೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕಿಲೋ ಹತ್ತಿರ ತೂಗುತ್ತದೆ. ಮೇಲೆ ಹೇಳಿದ ಮಿಶ್ರಣವಾದರೆ ಅದಕ್ಕಿಂತ ಬಹಳ ಕಡಿಮೆ. ಜನ ಓಡಾಡುವ ಆರ್‌ಸಿಸಿ ಮಾಳಿಗೆಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಭಾರದ ಲೆಕ್ಕದಲ್ಲಿ ಕಟ್ಟುವುದು ರೂಢಿ. ಭಾರದ ಕುಂಡಗಳನ್ನು ನಡುವೆ ಗುಂಪಾಗಿ ಇಡದೆ ಗೋಡೆ ಮತ್ತು ತೊಲೆಯ ಸಾಲಿನ ಮೇಲೆ ಇಡಿ. ಹಳೆಯ ಮನೆಯ ಮಣ್ಣಿನ ಮಾಳಿಗೆ, ಕಲ್ಲು ಚಪ್ಪಡಿ ಹೊದಿಸಿದ ಮಾಳಿಗೆ ಇದ್ದವರು ಮೇಲೆ ಏನನ್ನೂ ಇಡಬೇಡಿ, ಅಂಗಳದ ಕಟ್ಟೆಯೋ ಬಾಲ್ಕನಿಯೋ ನೋಡಿಕೊಳ್ಳಿ.

ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿ ಇಟ್ಟರೆ ಕೆಳಗೆ ನೀರು ನಿಲ್ಲುವುದಿಲ್ಲ, ಕಾದ ಕಲ್ಲಿನ ಬಿಸಿಯೂ ತಳಕ್ಕೆ ತಾಗುವುದಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ಶುರು ಮಾಡಿ. ಮೊದಲ ಚವಳಿ ಅವರ ಮನೆಗೆ ಹೋಗಲಿ.

ಬೇರನ್ನು ತಂಪಾಗಿಡುವುದು ಹೇಗೆ?

ಕಪ್ಪು ಬಣ್ಣದ ಪಾತ್ರೆಗೆ ಹೊರಗಿನಿಂದ ಸುಣ್ಣ ಬಳಿಯಿರಿ, ಇಲ್ಲವೇ ಹಳೆಯ ಗೋಣಿ ಚೀಲ ಸುತ್ತಿ ಸಂಜೆ ಅದಕ್ಕೂ ನೀರು ಚಿಮುಕಿಸಿ. ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಇಡಿ, ಒಂದರ ನೆರಳು ಇನ್ನೊಂದಕ್ಕೆ ಬೀಳಲಿ. ಪಶ್ಚಿಮದ ಬಿಸಿಲೇ ಹೆಚ್ಚು ಸುಡುವುದು. ಆ ಕಡೆ ಪ್ಯಾರಾಪೆಟ್ ಗೋಡೆ ಇದ್ದರೆ ಅದರ ಮಗ್ಗುಲಲ್ಲಿ ಇಡಿ.

ಎಲ್ಲಕ್ಕಿಂತ ಮುಖ್ಯ ಮಣ್ಣಿನ ಮೇಲಿನ ಹೊದಿಕೆ. ಇದರಲ್ಲಿ ನಾವು ಭಾಗ್ಯವಂತರು. ತೊಗರಿಯ ಕಣಜದಲ್ಲಿ ಇದ್ದೇವೆ, ರಾಶಿ ಮುಗಿದ ಮೇಲೆ ಹೊಟ್ಟಿಗೆ ಬರವೇ ಇಲ್ಲ. ತೊಗರಿ ಹೊಟ್ಟನ್ನು ಎರಡು ಇಂಚು ದಪ್ಪ ಹಾಸಿದರೆ ಮಣ್ಣಿನ ತೇವ ಆರುವುದು ನಿಧಾನವಾಗುತ್ತದೆ, ಮುಂದೆ ಅದೇ ಕಳಿತು ಗೊಬ್ಬರವೂ ಆಗುತ್ತದೆ. ಜೋಳದ ಕಣಿಕೆಯ ಚೂರು, ಒಣ ಎಲೆಯೂ ಆಗುತ್ತದೆ. ಕಾಂಡದ ಸುತ್ತ ಎರಡು ಬೆರಳಷ್ಟು ಜಾಗ ಬಿಡಿ. ಬಳ್ಳಿ ಹಬ್ಬಿಸಲು ಬಿದಿರು ಹುಡುಕಿಕೊಂಡು ಹೋಗಬೇಕಿಲ್ಲ, ಹೊಲದ ತೊಗರಿ ಕಟ್ಟಿಗೆಯನ್ನೇ ಹೆಣೆದು ನಿಲ್ಲಿಸಬಹುದು.

ಹಸಿರು ಪರದೆ ಕಟ್ಟಲೇಬೇಕೇ?

ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ಬೇಕು. ಸೊಪ್ಪಿಗೆ 50 ಶೇಕಡಾ ನೆರಳಿನ ಪರದೆ, ಕಾಯಿ ಬಿಡುವ ಗಿಡಗಳಿಗೆ 35 ಶೇಕಡಾ ಸಾಕು. 75ರ ಪರದೆ ತಂದರೆ ಬೆಂಡೆ ಬರೀ ಉದ್ದವಾಗಿ ಎಲೆ ಬಿಡುತ್ತದೆ, ಕಾಯಿ ಬಿಡುವುದಿಲ್ಲ. ಗಿಡದ ತಲೆಯಿಂದ ಎರಡು ಮೂರು ಅಡಿ ಮೇಲೆ ಕಟ್ಟಿ, ಗಾಳಿ ಆಡಲಿ. ಪರದೆಗೆ ಹಣ ಹಾಕಲು ಇಷ್ಟವಿಲ್ಲದವರು ಹಳೆಯ ಬಿಳಿ ಪಂಚೆಯನ್ನು ಹನ್ನೊಂದರಿಂದ ನಾಲ್ಕರವರೆಗೆ ಹೊದಿಸಬಹುದು. ಏಪ್ರಿಲ್, ಮೇ ತಿಂಗಳ ಸಂಜೆಯ ಬಿರುಗಾಳಿ, ಆಲಿಕಲ್ಲು ಮಳೆ ಹೇಳಿ ಬರುವುದಿಲ್ಲ. ಗಂಟುಗಳನ್ನು ಗಟ್ಟಿಯಾಗಿ ಕಟ್ಟಿ.

ನೀರು ದಿನಕ್ಕೆ ಎಷ್ಟು? ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ.

ಕುಂಡ ಎಷ್ಟು ಇಡಬೇಕು ಎಂಬುದನ್ನು ಮಾಳಿಗೆಯ ಅಗಲದಿಂದ ಲೆಕ್ಕ ಹಾಕಬೇಡಿ, ಮೇ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಉಳಿಯುವ ನೀರಿನಿಂದ ಲೆಕ್ಕ ಹಾಕಿ. ದೊಡ್ಡದಾದ ಒಂದು ಬೆಂಡೆ ಗಿಡದ ಬಕೆಟ್‌ಗೆ ಕಡು ಬೇಸಿಗೆಯಲ್ಲಿ ದಿನಕ್ಕೆ ಸುಮಾರು 2 ಲೀಟರ್ ಬೇಕು. ಹತ್ತು ಬಕೆಟ್ ಎಂದರೆ ದಿನಕ್ಕೆ ಒಂದು ಕೊಡಕ್ಕಿಂತ ಹೆಚ್ಚು. ಅಷ್ಟು ಕೊಡಲಾಗದಿದ್ದರೆ ಐದೇ ಇಡಿ. ಬಾಯಾರಿದ ಹತ್ತು ಗಿಡಗಳಿಗಿಂತ ನೀರುಂಡ ಐದು ಗಿಡ ಹೆಚ್ಚು ಕಾಯಿ ಕೊಡುತ್ತವೆ.

ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಚೆನ್ನಾಗಿ ಆಗುತ್ತದೆ. ಉಪ್ಪು ಬೆರೆತದ್ದು, ಸಾಬೂನಿನದು ಬೇಡ. ಇನ್ನು ಎರಡು ನೀರಿನ ಬಗ್ಗೆ ಎಚ್ಚರಿಸಲೇಬೇಕು. ಒಂದು, ಕೂಲರ್ ತೊಟ್ಟಿಯ ತಳದ ನೀರು. ಕೂಲರ್‌ನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಅದರ ಉಪ್ಪು ಮಾತ್ರ ತೊಟ್ಟಿಯಲ್ಲೇ ಉಳಿಯುತ್ತಾ ಗಟ್ಟಿಯಾಗುತ್ತದೆ. ಹುಲ್ಲಿನ ಪ್ಯಾಡ್ ಮೇಲೆ ಬಿಳಿ ಪುಡಿ ಕಟ್ಟುವುದು ಅದೇ. ಎರಡು, ಆರ್‌ಒ ಯಂತ್ರದಿಂದ ಹೊರಬೀಳುವ ನೀರು. ಅದರಲ್ಲೂ ಉಪ್ಪು ಸಾಂದ್ರವಾಗಿರುತ್ತದೆ. ಇವೆರಡನ್ನೂ ನೆಲ ತೊಳೆಯಲು ಬಳಸಿ, ಗಿಡಕ್ಕೆ ಬೇಡ.

ಬೋರ್‌ವೆಲ್ ನೀರನ್ನೇ ಹಾಕುವವರಿಗೆ ಮಣ್ಣಿನ ಮೇಲೆ ಬಿಳಿ ಪೊರೆ ಕಾಣಬಹುದು. ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ನಲ್ಲಿಯ ಸಿಹಿನೀರನ್ನು ತೂತಿನಿಂದ ಹರಿದುಹೋಗುವಷ್ಟು ಕೊಟ್ಟು ಉಪ್ಪನ್ನು ತೊಳೆಯಿರಿ.

ನೀರು ಕೊಡುವ ಹೊತ್ತು ಬೆಳಿಗ್ಗೆ ಏಳರೊಳಗೆ. ಏಪ್ರಿಲ್ ಬಂದ ಮೇಲೆ ಸಂಜೆಯೂ ಸ್ವಲ್ಪ. ಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ಕಂಡು ಗಾಬರಿಯಾಗಬೇಡಿ. ಹೀರೆ, ಸೋರೆಯ ಅಗಲ ಎಲೆಗಳು ಮಧ್ಯಾಹ್ನ ಜೋಲುತ್ತವೆ, ಸೂರ್ಯ ಇಳಿದ ಮೇಲೆ ಎದ್ದು ನಿಲ್ಲುತ್ತವೆ. ಸಂಜೆಗೂ ಏಳದಿದ್ದರೆ, ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ನೀರು ಕೊಡಿ. ಮಾಳಿಗೆಯ ಪೈಪಿನಲ್ಲಿ ನಿಂತ ನೀರು ಕೈ ಸುಡುವಷ್ಟು ಕಾದಿರುತ್ತದೆ. ಮೊದಲ ಬಕೆಟ್ ನೀರನ್ನು ಹಿಡಿದಿಟ್ಟು ಆರಿದ ಮೇಲೆ ಹಾಕಿ.

ಬಳ್ಳಿಯ ತುಂಬ ಹೂವು, ಕಾಯಿ ಒಂದೂ ಇಲ್ಲ. ಏಕೆ?

ಹೂವಿನ ಹಿಂಭಾಗ ನೋಡಿ. ಬರೀ ತೆಳು ತೊಟ್ಟಿದ್ದರೆ ಗಂಡು ಹೂವು. ತೊಟ್ಟಿನ ಜಾಗದಲ್ಲಿ ಕಿರುಬೆರಳಿನ ಉಗುರಿನಷ್ಟು ಪುಟ್ಟ ಕಾಯಿ ಇದ್ದು ಅದರ ತುದಿಯಲ್ಲಿ ಹೂವು ಕೂತಿದ್ದರೆ ಹೆಣ್ಣು. ಮೊದಲ ಹತ್ತು ಹನ್ನೆರಡು ದಿನ ಬರೀ ಗಂಡು ಹೂವು ಬರುವುದು ಸಹಜ. ಸೆಕೆ ಹೆಚ್ಚಿದರೆ, ಸಾರಜನಕದ ಗೊಬ್ಬರ ಹೆಚ್ಚಾದರೆ ಗಂಡು ಹೂವುಗಳೇ ಹೆಚ್ಚುತ್ತವೆ. ಸೋರೆಯ ಮುಖ್ಯ ಬಳ್ಳಿಯ ತುದಿಯನ್ನು ಎಂಟು ಹತ್ತು ಎಲೆಯಾದಾಗ ಚಿವುಟಿದರೆ ಪಕ್ಕದ ಕವಲುಗಳು ಬಂದು ಅವುಗಳಲ್ಲಿ ಹೆಣ್ಣು ಹೂವು ಕಾಣುತ್ತವೆ.

ಹೆಣ್ಣು ಹೂವು ಬಂದೂ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತಿದ್ದರೆ ಪರಾಗ ಮುಟ್ಟಿಲ್ಲ ಎಂದರ್ಥ. ಆಗ ನೀವೇ ಜೇನುನೊಣದ ಕೆಲಸ ಮಾಡಬೇಕು. ಹೊತ್ತು ಬಹಳ ಮುಖ್ಯ. ಸೌತೆ, ಹಾಗಲ ಬೆಳಿಗ್ಗೆ ಅರಳುತ್ತವೆ. ಹೀರೆ, ಸೋರೆ ಅರಳುವುದು ಸಂಜೆ ಐದರ ಮೇಲೆ. ಬೆಳಿಗ್ಗೆ ಎದ್ದು ಮುಚ್ಚಿದ ಹೀರೆ ಹೂವಿಗೆ ಪರಾಗ ಹಚ್ಚಿ ಫಲವಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾಳಿಗೆಗೆ ಹೋಗಿ, ಆಗತಾನೇ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಬೆರಳಿಗೆ ಮುಟ್ಟಿಸಿ ನೋಡಿ. ಅಂಟಿಕೊಂಡರೆ ಅದು ಹದ. ಹೆಣ್ಣು ಹೂವಿನ ನಡುವಿನ ಅಂಟಂಟಾದ ಭಾಗಕ್ಕೆ ಮೆಲ್ಲಗೆ ಸವರಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣಿಗೆ ಸಾಕು. ಹಿಡಿದಿದ್ದರೆ ಮೂರ್ನಾಲ್ಕು ದಿನದಲ್ಲಿ ಕಾಯಿ ಕೆಳಗೆ ಬಾಗಿ ಉದ್ದವಾಗಲು ಶುರುವಾಗುತ್ತದೆ.

ಎಲೆ ಹಳದಿಯಾಗುತ್ತಿದೆ. ರೋಗವೇ?

ಯಾವ ಎಲೆ, ಎಂಥ ಹಳದಿ ಎಂದು ನೋಡಬೇಕು. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ನಮ್ಮ ಕ್ಷಾರ ಮಣ್ಣಿನಲ್ಲಿ ಇದು ಸಾಮಾನ್ಯ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅರ್ಧ ಲಿಂಬೆಯ ರಸ ಹಾಕಿ ಸೋಸಿ ಸಂಜೆ ಎಲೆಗೆ ಸಿಂಪಡಿಸಿ, ಎಂಟು ಹತ್ತು ದಿನಕ್ಕೆ ಮತ್ತೊಮ್ಮೆ. ಬೆಂಡೆಯಲ್ಲಿ ಇದಕ್ಕೆ ತಿರುವುಮುರುವಾಗಿ ನರಗಳೇ ಹಳದಿ ಜಾಲವಾಗಿ ಕಾಣುತ್ತಿದ್ದರೆ ಅದು ಬಿಳಿ ನೊಣ ಹರಡುವ ನಂಜು ರೋಗ, ಮದ್ದಿಲ್ಲ. ಆ ಗಿಡವನ್ನು ಅಂದೇ ಕಿತ್ತುಬಿಡಿ. ಬುಡದ ಹಳೆಯ ಎಲೆ ಒಂದೊಂದಾಗಿ ಹಳದಿಯಾಗುವುದು ಬಹುತೇಕ ಹಸಿವಿನ ಗುರುತು. ಗೊಬ್ಬರ ಕೊಡಿ.

ಗೊಬ್ಬರ ಎಷ್ಟು?

ಹದಿನೈದು ದಿನಕ್ಕೊಮ್ಮೆ ಬಕೆಟ್‌ಗೆ ಒಂದು ಹಿಡಿ ಎರೆಹುಳು ಗೊಬ್ಬರ. ಶೇಂಗಾ ಹಿಂಡಿಯನ್ನು ಎರಡು ಮೂರು ದಿನ ನೆನೆಸಿ, ಆ ತಿಳಿಗೆ ಹತ್ತು ಪಟ್ಟು ನೀರು ಸೇರಿಸಿ ಹೂವು ಬರುವ ಹೊತ್ತಿಗೆ ಕೊಡಬಹುದು. ಒಣ ಮಣ್ಣಿಗೆ ಎಂದೂ ಕೊಡಬೇಡಿ.

ಹುಳ, ನುಸಿ, ಮಂಗಗಳಿಗೆ ಏನು ಮಾಡುವುದು?

ಬೇಸಿಗೆಯ ದೊಡ್ಡ ಶತ್ರು ಕೆಂಪು ಜೇಡ ನುಸಿ. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಚುಕ್ಕೆ, ಅಡಿಯಲ್ಲಿ ತೆಳು ಬಲೆ ಕಂಡರೆ ಅದೇ. ಒಣ ಸೆಕೆ ಅದಕ್ಕೆ ಇಷ್ಟ, ನೀರು ಆಗದು. ಮುಂಜಾನೆ ಎಲೆಯ ಅಡಿಗೆ ರಭಸವಾಗಿ ನೀರು ಹಾಯಿಸಿದರೆ ಬಹಳಷ್ಟು ಹೋಗುತ್ತದೆ. ಬಿಳಿ ನೊಣ, ಸಸ್ಯ ಹೇನು, ಹಿಟ್ಟು ತಿಗಣೆಗೆ ಒಂದು ಲೀಟರ್ ನೀರಿಗೆ 3 ಮಿಲಿಲೀಟರ್ ಬೇವಿನ ಎಣ್ಣೆ, ನಾಲ್ಕು ಹನಿ ಸಾಬೂನು ದ್ರಾವಣ. ಸಿಂಪಡಣೆ ಸೂರ್ಯ ಮುಳುಗಿದ ಮೇಲೆಯೇ. ಬಿಸಿಲಿನಲ್ಲಿ ಎಣ್ಣೆ ಬಿದ್ದ ಎಲೆ ಸುಡುತ್ತದೆ. ಹೀರೆ, ಹಾಗಲದ ಎಳೆಕಾಯಿಗೆ ಹಣ್ಣಿನ ನೊಣ ಚುಚ್ಚುವ ಮೊದಲೇ ಪೇಪರ್ ಚೀಲ ಕಟ್ಟಿ. ಮಂಗಗಳಿರುವ ಬಡಾವಣೆಯಲ್ಲಿ ಸುತ್ತಲೂ ಬಲೆ ಬಿಟ್ಟರೆ ಬೇರೆ ದಾರಿ ಇಲ್ಲ. ಬಲೆ ಕಟ್ಟಲಾಗದಿದ್ದರೆ ಕಾಯಿ ಬಿಡುವ ಬೆಳೆಗಳಿಗಿಂತ ಪುಂಡಿಯನ್ನು ಹೆಚ್ಚು ಬೆಳೆಯಿರಿ.

ಸೋರೆಕಾಯಿ, ಸೌತೆಕಾಯಿ ಕಹಿಯಾಗಿದೆ. ತಿನ್ನಬಹುದೇ?

ಸೋರೆಕಾಯಿ ಕಹಿಯಿದ್ದರೆ ಖಂಡಿತ ತಿನ್ನಬೇಡಿ, ರಸ ಕುಡಿಯಲೇಬೇಡಿ. ಕುಕರ್ಬಿಟಾಸಿನ್ ಎಂಬ ವಿಷಕಾರಿ ಅಂಶ ಅದರಲ್ಲಿ ಹೆಚ್ಚಿರುತ್ತದೆ. ವಾಂತಿ, ಭೇದಿ, ರಕ್ತವಾಂತಿಯಾಗಿ ಜೀವಕ್ಕೇ ಅಪಾಯವಾಗಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ. ಅಡುಗೆಗೆ ಮುನ್ನ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯಾದರೆ ಉಗಿದು, ಇಡೀ ಕಾಯಿ ಎಸೆಯಿರಿ. ಆ ಬಳ್ಳಿಯ ಬೀಜವನ್ನೂ ಇಟ್ಟುಕೊಳ್ಳಬೇಡಿ. ಕಹಿ ಸೌತೆಯನ್ನೂ ಬಿಡುವುದೇ ಒಳ್ಳೆಯದು. ನೀರಿನ ಏರುಪೇರು, ಕಡು ಬಿಸಿಲು ಸೌತೆಯನ್ನು ಕಹಿಯಾಗಿಸುತ್ತವೆ.

ಮಾಳಿಗೆಯೇ ಇಲ್ಲ, ಒಂದು ಬಾಲ್ಕನಿ ಇದೆ. ಬಿಸಿಲು ಮೂರು ಗಂಟೆ ಮಾತ್ರ.

ನಮ್ಮ ಬೇಸಿಗೆಯಲ್ಲಿ ಪೂರ್ವದ ಬಾಲ್ಕನಿ ಕೊರತೆಯೇ ಅಲ್ಲ. ಬೆಳಗಿನ ಮೂರು ಗಂಟೆ ಬಿಸಿಲಿಗೆ ರಾಜಗಿರಿ, ಬಸಳೆ, ಪುಂಡಿ, ಎಳೆ ಮೆಂತೆ ಚೆನ್ನಾಗಿ ಬರುತ್ತವೆ. ಮಾಳಿಗೆಯವರು ಪರದೆ ಕಟ್ಟಿ ಪಡೆಯುವ ನೆರಳು ನಿಮಗೆ ಬಿಟ್ಟಿ ಸಿಕ್ಕಿದೆ. ಕಾಯಿ ಬಿಡುವ ಬೆಳೆಗೆ ಮಾತ್ರ ಐದಾರು ಗಂಟೆ ಬಿಸಿಲು ಬೇಕು.

ಬೀದರ್, ಯಾದಗಿರಿಯಲ್ಲೂ ಇದೇ ಲೆಕ್ಕವೇ?

ಬೀದರ್ ಎತ್ತರದಲ್ಲಿದೆ, ಕಲಬುರಗಿಗಿಂತ ಬೇಸಿಗೆ ತುಸು ಮೃದು, ಜನವರಿಯ ರಾತ್ರಿ ಹೆಚ್ಚು ಚಳಿ. ಅಲ್ಲಿ ಬಳ್ಳಿ ಬೀಜಗಳನ್ನು ಫೆಬ್ರುವರಿ ಮೊದಲ ವಾರಕ್ಕೆ ಹಾಕಿದರೆ ಸಾಕು, ಚಳಿಯಲ್ಲಿ ಹಾಕಿದ ಸೋರೆ, ಹಾಗಲ ಮಣ್ಣಲ್ಲೇ ಕೊಳೆಯುತ್ತವೆ. ಬೀದರ್ ಸುತ್ತಲಿನ ಕೆಂಪು ಜಂಬಿಟ್ಟಿಗೆ ಮಣ್ಣು ಕುಂಡಕ್ಕೆ ಒಳ್ಳೆಯದು, ನೀರು ಬಸಿಯುತ್ತದೆ, ಗೊಬ್ಬರ ಮಾತ್ರ ಹೆಚ್ಚು ಬೇಕು. ಯಾದಗಿರಿಯವರು ಕಲಬುರಗಿಯ ಲೆಕ್ಕಕ್ಕಿಂತ ಒಂದು ವಾರ ಮುಂಚೆ ಬಿತ್ತಿ.

ಮೇ ತಿಂಗಳಲ್ಲಿ ನಾಲ್ಕು ದಿನ ಊರಿಗೆ ಹೋಗಬೇಕು. ಗಿಡದ ಗತಿ?

ಪಕ್ಕದ ಮನೆಯವರಿಗಿಂತ ದೊಡ್ಡ ಉಪಾಯ ಇಲ್ಲ. ಅದಾಗದಿದ್ದರೆ ಹೊಳಪು ಬಳಿಯದ ಸಣ್ಣ ಮಣ್ಣಿನ ಮಡಕೆಯನ್ನು ದೊಡ್ಡ ಕುಂಡದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮುಚ್ಚಳ ಹಾಕಿ. ನೀರು ಮಡಕೆಯಿಂದ ಜಿನುಗುತ್ತಾ ಎರಡು ಮೂರು ದಿನ ಬೇರಿಗೆ ಸಿಗುತ್ತದೆ. ಬಿತ್ತುವಾಗಲೇ ಹೂತಿಡಬೇಕು, ಆಮೇಲೆ ಅಗೆದರೆ ಬೇರು ಹರಿಯುತ್ತದೆ. ಸಣ್ಣ ಕುಂಡಗಳನ್ನು ಮೆಟ್ಟಿಲ ನೆರಳಿಗೆ ತಂದು, ಎರಡು ಬೆರಳು ನೀರು ನಿಲ್ಲಿಸಿದ ತಟ್ಟೆಯಲ್ಲಿ ಇಟ್ಟು ಹೋಗಿ. ಹೊರಡುವ ಮುನ್ನ ಬಲಿತ, ಬಲಿಯಲಿರುವ ಕಾಯಿಗಳನ್ನೆಲ್ಲ ಕಿತ್ತುಕೊಳ್ಳಿ.

ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳುವುದು ಹೇಗೆ?

ಎಲ್ಲರಿಗಿಂತ ಚೆನ್ನಾಗಿ ಬಿಸಿಲು ತಡೆದ ಗಿಡವನ್ನು ಏಪ್ರಿಲ್‌ನಲ್ಲೇ ಗುರುತಿಸಿ ಅದಕ್ಕೊಂದು ದಾರ ಕಟ್ಟಿ. ಬೆಂಡೆ, ಚವಳಿಯಲ್ಲಿ ಎರಡು ಮೂರು ಕಾಯಿಗಳನ್ನು ಗಿಡದಲ್ಲೇ ಒಣಗಿ ಕಂದಾಗಲು ಬಿಡಿ. ಆ ಗಿಡದಿಂದ ಪಲ್ಯದ ಕಾಯಿ ಕಡಿಮೆಯಾಗುತ್ತದೆ, ಆದ್ದರಿಂದ ಸುಗ್ಗಿಯ ಕೊನೆಗೆ ಬಿಡುವುದು ಮೇಲು. ಹೀರೆಕಾಯಿ ಒಣಗಿ ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನಬೇಕು. ಹಾಗಲ ಕಿತ್ತಳೆ ಬಣ್ಣಕ್ಕೆ ತಿರುಗಿ ಸೀಳಿದಾಗ ಒಳಗಿನ ಕೆಂಪು ತಿರುಳನ್ನು ತೊಳೆದು ಬೀಜ ತೆಗೆಯಿರಿ. ಎಲ್ಲವನ್ನೂ ನೆರಳಿನಲ್ಲಿ ಒಂದು ವಾರ ಒಣಗಿಸಿ. ಕಾದ ಫರಸಿಯ ಮೇಲೆ ಒಣಗಿಸಿದರೆ ಮೊಳೆಯುವ ಶಕ್ತಿಯೇ ಹೋಗುತ್ತದೆ. ಕಾಗದದ ಪೊಟ್ಟಣದಲ್ಲಿ ಹಾಕಿ, ಹೆಸರು, ತಿಂಗಳು ಬರೆದು, ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡಿ. ಸಂಕ್ರಾಂತಿಯ ಹೊತ್ತಿಗೆ ಹೊರತೆಗೆದು, ಒಂದು ದಿನ ಡಬ್ಬಿ ಮುಚ್ಚಿದಂತೆಯೇ ಹೊರಗಿನ ತಾಪಕ್ಕೆ ಬರಲು ಬಿಟ್ಟು, ಆಮೇಲೆ ತೆರೆಯಿರಿ.